ಬಾಯಿಪಾಠವೂ ತಿಳಿವಳಿಕೆಯೂ

ಮಗಳು ದಿನಾಲು ನಾಲ್ಕು ತಾಸು ಪುಸ್ತಕವನ್ನು ಹಿಡಿದು ಕುಳಿತಿರುತ್ತಾಳೆ, ಆದರೂ ಪರೀಕ್ಷೆಯ ಹೊತ್ತಿಗೆ ಓದಿದ್ದೊಂದೂ ನೆನಪಿಗೆ ಬರುವದಿಲ್ಲವೆಂದು ಕಣ್ಣೀರು ಹಾಕುತ್ತಾಳೆ, ಇದಕ್ಕೆ ಉಪಾಯವೇನು? ಪಾಲಕರು ಉಪಾಧ್ಯಾಯಿನಿಯರಿಗೆ ವರ್ಷ ವರ್ಷವೂ ಕೇಳುವ ಪ್ರಶ್ನೆಯಿದು. ಇದಕ್ಕೆ ನಮ್ಮ ಊರುಗಳಲ್ಲಿ ಎರಡು ಬಗೆಯ ಉತ್ತರಗಳು ಬಳಕೆಯಲ್ಲಿರುತ್ತವೆ. ಹಿರಿಯರಲ್ಲಿ ಕೆಲವರು, "ಹಿಂದೆ ಮಗ್ಗಿಯನ್ನೂ ಪದ್ಯಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದರು, ಅದನ್ನು ಬಿಟ್ಟದ್ದರಿಂದಲೇ ಈಗಿನ ಮಕ್ಕಳು ಹಿಂದೆ ಬಿದ್ದರು" ಎನ್ನುತ್ತಾರೆ. ಹೊಸ ಶಿಕ್ಷಣದ ವಿಷಯವನ್ನು ಅಲ್ಲಲ್ಲಿ ಕೇಳಿ ಬಲ್ಲವರು, "ಬಾಯಿಪಾಠವೇ ಎಲ್ಲ ಅನರ್ಥಕ್ಕೂ ಮೂಲ; ಮಕ್ಕಳು ಅರ್ಥ ಮಾಡಿಕೊಂಡರೆ ಸಾಕು, ನೆನಪಿನಲ್ಲಿಡುವ ಅವಶ್ಯವಿಲ್ಲ" ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿರುತ್ತದೆ. ಆದರೆ ಅರ್ಧ ಸತ್ಯವನ್ನು ನಂಬಿ ನಡೆದರೆ ಮಕ್ಕಳಿಗಾಗುವ ಹಾನಿಯು ಮಾತ್ರ ಪೂರ್ಣವಾಗಿರುತ್ತದೆ. ಆದಕಾರಣ ನಮ್ಮ ಹಳೆಯ ಶಾಲೆಗಳು ಏನು ಮಾಡುತ್ತಿದ್ದವು, ಅವುಗಳಲ್ಲಿ ಗುಣವಾವದು ದೋಷವಾವದು, ಹೊಸ ಶೋಧಗಳು ಏನು ಹೇಳುತ್ತವೆ, ಮನೆಯಲ್ಲಿ ನಾವು ಮಾಡತಕ್ಕದ್ದೇನು ಎಂಬದನ್ನು ಇಲ್ಲಿ ಕ್ರಮವಾಗಿ ವಿಚಾರಿಸುವೆವು.

ಹಳೆಯ ಶಾಲೆಯ ಗುಣದೋಷಗಳು

ಹಳೆಯ ಕನ್ನಡ ಶಾಲೆಗಳ ವಿಷಯವಾಗಿ ಕೇವಲ ಊಹೆಯಿಂದ ಮಾತಾಡುವ ಕಾರಣವಿಲ್ಲ. ಮದ್ರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು ೧೮೨೨ರಲ್ಲಿ ತಮ್ಮ ಇಲಾಖೆಯ ಪ್ರತಿಯೊಂದು ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಏನನ್ನು ಓದುತ್ತಾರೆ ಎಂದು ಕಲೆಕ್ಟರರಿಂದ ವರದಿಯನ್ನು ಕೇಳಿದರು. ಬಳ್ಳಾರಿಯ ಕಲೆಕ್ಟರರಾಗಿದ್ದ ಕ್ಯಾಂಬೆಲ್ ಅವರು ೧೮೨೩ರ ಆಗಸ್ಟ್ ತಿಂಗಳಲ್ಲಿ ಕಳಿಸಿದ ವರದಿಯು ಇವುಗಳಲ್ಲಿ ಬಹಳ ಪ್ರಸಿದ್ಧವಾದದ್ದು. ಆಗಿನ ಬಳ್ಳಾರಿ ಜಿಲ್ಲೆಯು ಈಗಿನದಕ್ಕಿಂತ ದೊಡ್ಡದು. ತೆಲುಗು ಸೀಮೆಯೂ ಅದರಲ್ಲಿ ಕೂಡಿತ್ತು. ಅಲ್ಲಿ ಒಟ್ಟು ೫೩೩ ಶಾಲೆಗಳು ಇದ್ದವು. ಅವುಗಳಲ್ಲಿ ೨೩೫ ಕನ್ನಡ ಶಾಲೆಗಳು. ಓದುವ ಮಕ್ಕಳು ೬,೬೪೧. ಇವರಲ್ಲಿ ಹುಡುಗಿಯರೆಷ್ಟು ಜನರೆಂದರೆ, ೬೦ ಮಾತ್ರ. ನೂರಕ್ಕೆ ಒಬ್ಬಳೂ ತುಂಬುವದಿಲ್ಲ. ಈ ಸಂಖ್ಯೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಕಡೆಗೆ ತಿರುಗಿ ಬರುವೆವು.

ಆ ಶಾಲೆಗಳಲ್ಲಿ ಪಾಠವು ನಡೆಯುತ್ತಿದ್ದ ಬಗೆಯನ್ನು ಕ್ಯಾಂಬೆಲ್ ಅವರು ವಿವರವಾಗಿ ಬರೆದಿದ್ದಾರೆ. ಮಗುವು ಅಕ್ಷರಗಳನ್ನು ಮೊದಲು ಬಾಯಿಂದ ಒದರಿ ಕಲಿಯದೆ ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿಯುತ್ತಿತ್ತು. ಕೈ ಕುದುರಿದ ಮೇಲೆ ಹಲಗೆಯ ಮೇಲೆಯೂ ಕಡತದ ಮೇಲೆಯೂ ಬರೆಯುತ್ತಿತ್ತು. ಮಕ್ಕಳನ್ನು ಅವರವರ ಯೋಗ್ಯತೆಗೆ ತಕ್ಕಂತೆ ಕೆಲವು ಗುಂಪುಗಳಾಗಿ ಮಾಡಿ, ಕೆಳಗಿನ ಗುಂಪಿನವರನ್ನು ಮುಂದುವರಿದ ಹುಡುಗರ ಕೈಗೆ ಒಪ್ಪಿಸಿ, ಮೇಲಿನವರನ್ನು ಗುರುವು ತಾನೇ ನೋಡಿಕೊಳ್ಳುತ್ತಿದ್ದನು. ಮಗ್ಗಿ, ಲೆಕ್ಕ, ಪದ್ಯ ಎಲ್ಲವನ್ನೂ ಪುಸ್ತಕವಿಲ್ಲದೆ ಬಾಯಿಂದ ಒಪ್ಪಿಸಬೇಕಾಗಿತ್ತು. ಇದರಲ್ಲಿ ಒಂದು ಪದ್ಧತಿಯನ್ನು ಕ್ಯಾಂಬೆಲ್ ಅವರು ಮನಸಾರೆ ಹೊಗಳಿದ್ದಾರೆ: ಮುಂದಿನವನು ಹಿಂದಿನವನಿಗೆ ಕಲಿಸುವದರಿಂದ ಹಿಂದಿನವನಿಗೆ ಪಾಠವಾಗುವದಲ್ಲದೆ ಕಲಿಸುವವನ ಜ್ಞಾನವೂ ಗಟ್ಟಿಯಾಗುತ್ತದೆಂಬದೇ ಆ ಮಾತು. ಈ ಪದ್ಧತಿಯು ಅಷ್ಟರೊಳಗಾಗಿಯೇ ಸಮುದ್ರವನ್ನು ದಾಟಿತ್ತು. ಮದ್ರಾಸಿನಲ್ಲಿ ಸೈನಿಕರ ಅನಾಥ ಹುಡುಗರ ಶಾಲೆಯನ್ನು ನಡಿಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬವರು ಈ ದೇಶದ ಮಕ್ಕಳು ಮರಳಿನ ಮೇಲೆ ಬರೆಯುವದನ್ನು ನೋಡಿ, ಅದನ್ನು ತಮ್ಮ ಶಾಲೆಯಲ್ಲಿ ತಂದು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಕ್ರಮವನ್ನು ಅಲ್ಲಿ ಬಳಸಿ, ೧೭೯೭ರಲ್ಲಿ ಅದರ ವೃತ್ತಾಂತವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಮುಂದೆ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಅದು 'ಮದ್ರಾಸ್ ಪದ್ಧತಿ' ಎಂಬ ಹೆಸರಿನಿಂದ ಹಬ್ಬಿತು.

ಇದು ಗುಣದ ಮಾತಾಯಿತು. ದೋಷವನ್ನೂ ಕ್ಯಾಂಬೆಲ್ ಅವರು ಮುಚ್ಚಿಟ್ಟಿಲ್ಲ. ಶಾಲೆಯಲ್ಲಿ ಓದಿಸುತ್ತಿದ್ದ ಪದ್ಯಗ್ರಂಥಗಳ ಭಾಷೆಯು ಮನೆಯಲ್ಲಿ ಆಡುವ ಭಾಷೆಗಿಂತ ಬಹಳ ದೂರವಾಗಿತ್ತು. ಮಕ್ಕಳು ನೂರಾರು ಪದ್ಯಗಳನ್ನು ಒಂದಕ್ಷರವೂ ತಪ್ಪದೆ ಹೇಳಬಲ್ಲವರಾದರೂ ಅವುಗಳ ಅರ್ಥವು ಅವರಿಗೆ ತಿಳಿಯುತ್ತಿರಲಿಲ್ಲ. ಅನೇಕ ಕಡೆಗೆ ಕಲಿಸುವವನಿಗೂ ತಿಳಿಯುತ್ತಿರಲಿಲ್ಲ. ಇಂಥ ಮಕ್ಕಳನ್ನು ಅವರು ಮಾತು ಕಲಿತ ಗಿಳಿಗೆ ಹೋಲಿಸಿದ್ದಾರೆ. ತಡವಾಗಿ ಬಂದ ಮಗುವಿಗೆ ಬೆತ್ತದ ಪೆಟ್ಟು ಬೀಳುತ್ತಿದ್ದದ್ದೂ ಆ ವರದಿಯಲ್ಲಿಯೇ ಬಂದಿದೆ.

ಹೀಗೆ ಹಳೆಯ ಶಾಲೆಯಲ್ಲಿ ಮೂರು ಒಳ್ಳೆಯ ಸಂಗತಿಗಳಿದ್ದವು: ಕೈಯಿಂದ ಮಾಡಿ ಕಲಿಯುವದು, ಪುಸ್ತಕವಿಲ್ಲದೆ ಒಪ್ಪಿಸುವದು, ಇನ್ನೊಬ್ಬರಿಗೆ ಕಲಿಸಿ ತಾನು ಕಲಿಯುವದು. ಎರಡು ದೊಡ್ಡ ಕೊರತೆಗಳಿದ್ದವು: ಅರ್ಥವಿರಲಿಲ್ಲ, ಹುಡುಗಿಯರು ಇರಲಿಲ್ಲ.

ತಿಳಿಯುವ ಭಾಷೆಯಲ್ಲಿ ಕಲಿಸುವದು

ಬಳ್ಳಾರಿಯು ಮದ್ರಾಸ್ ಇಲಾಖೆಗೆ ಸೇರಿತ್ತು. ನಮ್ಮ ಹುಬ್ಬಳ್ಳಿ-ಧಾರವಾಡಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಇಲ್ಲಿಯ ಸರಕಾರಿ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಮರಾಠಿಯ ಪ್ರಾಬಲ್ಯವಿತ್ತು. ಮನೆಯಲ್ಲಿ ಕನ್ನಡವನ್ನಾಡುವ ಮಗುವು ಶಾಲೆಯಲ್ಲಿ ಮರಾಠಿ ಪುಸ್ತಕವನ್ನು ಹಿಡಿಯಬೇಕಾಗುತ್ತಿತ್ತು. ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಧಾರವಾಡಕ್ಕೂ ೧೮೩೯ರಲ್ಲಿ ಹುಬ್ಬಳ್ಳಿಗೂ ಬಂದು ಕನ್ನಡದಲ್ಲಿ ಪಾಠ ಹೇಳುವ ಶಾಲೆಗಳನ್ನು ತೆರೆದರು. ಡೆಪ್ಯುಟಿ ಚನ್ನಬಸಪ್ಪನವರು (೧೮೩೪-೧೮೮೧) ಶಿಕ್ಷಣ ಖಾತೆಯಲ್ಲಿದ್ದುಕೊಂಡು ಕನ್ನಡ ಮಕ್ಕಳಿಗೆ ಕನ್ನಡ ಶಾಲೆ, ಕನ್ನಡ ಪುಸ್ತಕ, ಕನ್ನಡ ಬಲ್ಲ ಶಿಕ್ಷಕ ಈ ಮೂರೂ ದೊರೆಯಬೇಕೆಂದು ಊರೂರು ತಿರುಗಿ ದುಡಿದರು. ೧೮೯೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥಗಳಿಗೆ ಆಶ್ರಯವನ್ನು ಕೊಟ್ಟಿತು.

ಈ ಇತಿಹಾಸವನ್ನು ನಾವು ಸಾಮಾನ್ಯವಾಗಿ ಭಾಷಾಭಿಮಾನದ ಕಥೆಯೆಂದು ಹೇಳುತ್ತೇವೆ. ಆದರೆ ಶಿಕ್ಷಣದ ದೃಷ್ಟಿಯಿಂದ ನೋಡಿದರೆ ಇದು ಕಲಿಯುವಿಕೆಯ ಕಥೆಯೂ ಆಗಿರುತ್ತದೆ. ತಿಳಿಯದ ಭಾಷೆಯಲ್ಲಿ ಓದಿದ್ದನ್ನು ಮಗುವು ಬಾಯಿಪಾಠ ಮಾಡಬಲ್ಲದು, ವಿಚಾರ ಮಾಡಲಾರದು. ಕ್ಯಾಂಬೆಲ್ ಅವರು ಬಳ್ಳಾರಿಯಲ್ಲಿ ಕಂಡ ಗಿಳಿಪಾಠಕ್ಕೆ ಮೊದಲನೆಯ ಮದ್ದೆಂದರೆ ಮಗುವಿಗೆ ತಿಳಿಯುವ ಮಾತಿನಲ್ಲಿ ಪಾಠ ಹೇಳುವದು. ಪ್ರೊಫೆಸರ್ ಯಶಪಾಲರ ಸಮಿತಿಯು ೧೯೯೩ರಲ್ಲಿ ಭಾರತ ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ಮಕ್ಕಳ ಬೆನ್ನ ಮೇಲಿನ ಚೀಲದ ಭಾರಕ್ಕಿಂತಲೂ ಓದಿದ್ದು ಅರ್ಥವಾಗದಿರುವ ಭಾರವೇ ಹೆಚ್ಚಿನದೆಂದು ತಿಳಿಸಿತು. ಬಳ್ಳಾರಿಯ ವರದಿಗೂ ಇದಕ್ಕೂ ನಡುವೆ ೧೭೦ ವರ್ಷಗಳು. ಹೇಳಿದ ರೋಗವು ಒಂದೇ.

ನೆನಪಿನ ವಿಷಯವಾಗಿ ಹೊಸ ಶೋಧಗಳು

ಇನ್ನು ನೆನಪಿನ ಕಡೆಗೆ ಬರೋಣ. ಅರ್ಥವಾದರೆ ಸಾಕು, ನೆನಪು ಬೇಡವೆಂಬ ಮಾತು ಎಷ್ಟು ನಿಜ? ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಈ ವಿಷಯವನ್ನು ತಮ್ಮ ಮೇಲೆಯೇ ಪ್ರಯೋಗ ಮಾಡಿ ನೋಡಿದರು. ಅರ್ಥವಿಲ್ಲದ ಅಕ್ಷರಗುಂಪುಗಳ ಉದ್ದುದ್ದ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಒಂದು ತಾಸು, ಒಂದು ದಿನ, ಒಂದು ತಿಂಗಳು ಬಿಟ್ಟು ಎಷ್ಟು ಉಳಿಯಿತೆಂದು ಅಳೆದರು. ೧೮೮೫ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಮೂರು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು, ಕಲಿತದ್ದರಲ್ಲಿ ಬಹುಭಾಗವು ಮೊದಲ ಕೆಲವು ತಾಸುಗಳಲ್ಲಿಯೇ ಮರೆತುಹೋಗಿ, ಆಮೇಲೆ ಮರೆವು ನಿಧಾನವಾಗುತ್ತದೆ. ಎರಡನೆಯದು, ಒಂದೇ ದಿನ ಅನೇಕ ಸಾರೆ ಓದುವದಕ್ಕಿಂತ ಅದೇ ಶ್ರಮವನ್ನು ಕೆಲವು ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುತ್ತದೆ. ಮೂರನೆಯದು, ಅರ್ಥವುಳ್ಳ ಕವಿತೆಯನ್ನು ಬಾಯಿಪಾಠ ಮಾಡುವದಕ್ಕೆ ಅಷ್ಟೇ ಉದ್ದದ ನಿರರ್ಥಕ ಅಕ್ಷರಗಳನ್ನು ಕಲಿಯುವ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಸಾಕಾಗುತ್ತದೆ. ಅರ್ಥವು ನೆನಪಿಗೆ ಶತ್ರುವಲ್ಲ, ಅದರ ದೊಡ್ಡ ಆಧಾರವೆಂಬದು ಇದರಿಂದ ತಿಳಿದುಬರುವದು. ಅಲ್ಲದೆ, ಮರೆಯುವದು ಮನಸ್ಸಿನ ಸಹಜ ಧರ್ಮವೇ ಹೊರತು ಹುಡುಗಿಯ ಸೋಮಾರಿತನದ ಗುರುತಲ್ಲವೆಂಬದನ್ನೂ ಪಾಲಕರು ಇದರಿಂದ ಅರಿಯಬೇಕು.

ಇದಕ್ಕಿಂತ ಹೆಚ್ಚು ವಿಚಾರಾರ್ಹವಾದ ಪ್ರಯೋಗವೊಂದನ್ನು ಅಮೇರಿಕೆಯ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಮಾಡಿ ೨೦೦೬ರಲ್ಲಿ ಪ್ರಕಟಿಸಿದರು. ಅವರು ವಿದ್ಯಾರ್ಥಿಗಳಿಗೆ ಒಂದು ಗದ್ಯಪಾಠವನ್ನು ಕೊಟ್ಟರು. ಒಂದು ಗುಂಪಿನವರು ನಾಲ್ಕು ಅವಧಿಗಳಲ್ಲಿಯೂ ಅದನ್ನು ಓದಿಯೇ ಓದಿದರು. ಮತ್ತೊಂದು ಗುಂಪಿನವರು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಪಾಠವನ್ನು ನೋಡದೆ, ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷಗಳಾದ ಮೇಲೆ ಪರೀಕ್ಷಿಸಿದಾಗ ಓದಿ ಓದಿದವರೇ ಮುಂದಾದರು: ಅವರಿಗೆ ಪಾಠದಲ್ಲಿ ನೂರಕ್ಕೆ ೮೩ ಪಾಲು ನೆನಪಿತ್ತು, ಮತ್ತೊಂದು ಗುಂಪಿಗೆ ೭೧. ಆದರೆ ಒಂದು ವಾರದ ಮೇಲೆ ಪರೀಕ್ಷಿಸಿದಾಗ ಫಲವು ತಿರುಗಿಬಿದ್ದಿತು. ಓದಿ ಓದಿದವರಲ್ಲಿ ನೂರಕ್ಕೆ ೪೦ ಪಾಲು ಉಳಿದಿತ್ತು. ನೋಡದೆ ಬರೆದವರಲ್ಲಿ ೬೧. ಇನ್ನೂ ಒಂದು ಮಾತನ್ನು ಮರೆಯಬಾರದು: ತಮಗೆ ಪಾಠವು ಚೆನ್ನಾಗಿ ಬರುತ್ತದೆಂಬ ಧೈರ್ಯವು ಓದಿ ಓದಿದವರಲ್ಲಿಯೇ ಹೆಚ್ಚಾಗಿತ್ತು. ಪದೇ ಪದೇ ಓದುವದರಿಂದ ಪುಟವು ಪರಿಚಯವಾಗುತ್ತದೆ. ಆ ಪರಿಚಯವನ್ನೇ ಮನಸ್ಸು ಜ್ಞಾನವೆಂದು ತಿಳಿಯುತ್ತದೆ. ನಾಲ್ಕು ತಾಸು ಕುಳಿತ ಮಗಳ ಕಣ್ಣೀರಿಗೆ ಬಹುಮಟ್ಟಿಗೆ ಕಾರಣವು ಇದೇ ಆಗಿರುತ್ತದೆ. ೨೦೧೩ರಲ್ಲಿ ಡನ್ಲಾಸ್ಕಿ ಮೊದಲಾದ ಮನಶ್ಶಾಸ್ತ್ರಜ್ಞರು ಅಭ್ಯಾಸದ ಹತ್ತು ಬಗೆಗಳನ್ನು ತೂಗಿ ನೋಡಿ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವದು, ಅಭ್ಯಾಸವನ್ನು ದಿನಗಳಿಗೆ ಹಂಚಿಕೊಳ್ಳುವದು ಇವೆರಡಕ್ಕೂ ಮೊದಲ ಸ್ಥಾನವನ್ನು ಕೊಟ್ಟರು. ಸಾಲುಗಳ ಕೆಳಗೆ ಗೆರೆ ಎಳೆಯುವದು, ತಿರುಗಿ ತಿರುಗಿ ಓದುವದು ಇವುಗಳನ್ನು ಕಡಿಮೆ ಪ್ರಯೋಜನದವೆಂದು ಎಣಿಸಿದರು.

ಮಗ್ಗಿಯ ವಿಷಯದಲ್ಲಿಯೂ ಒಂದು ಮಾತು. ಮನುಷ್ಯನ ಮನಸ್ಸು ಒಂದೇ ಸಮಯಕ್ಕೆ ಕೆಲವೇ ಹೊಸ ಸಂಗತಿಗಳನ್ನು ಹಿಡಿದುಕೊಳ್ಳಬಲ್ಲದು. ಉದ್ದ ಭಾಗಾಕಾರವನ್ನು ಮಾಡುವ ಹುಡುಗಿಯು ಏಳೆಂಟಲೆ ಎಷ್ಟೆಂದು ಬೆರಳು ಎಣಿಸುತ್ತ ಕುಳಿತರೆ ಭಾಗಾಕಾರದ ಕ್ರಮವೇ ಅವಳ ಕೈಬಿಟ್ಟುಹೋಗುತ್ತದೆ. ಮಗ್ಗಿಯು ಬಾಯಲ್ಲಿದ್ದವಳಿಗೆ ವಿಚಾರ ಮಾಡುವದಕ್ಕೆ ಮನಸ್ಸು ತೆರವಾಗಿರುತ್ತದೆ. ಆದಕಾರಣ ಬಾಯಿಪಾಠವನ್ನು ಶಾಲೆಯಿಂದ ಹೊರಗೆ ಹಾಕುವದು ಬುದ್ಧಿವಂತಿಕೆಯಲ್ಲ.

ಈ ಶೋಧಗಳನ್ನು ಬಳ್ಳಾರಿಯ ವರದಿಯ ಪಕ್ಕದಲ್ಲಿಟ್ಟು ನೋಡಿರಿ. ಪುಸ್ತಕವಿಲ್ಲದೆ ಒಪ್ಪಿಸುವ ಹಳೆಯ ಪದ್ಧತಿಯೇ ಹೊಸ ಶಾಸ್ತ್ರವು ಹೊಗಳುವ ಪದ್ಧತಿಯಾಗಿರುತ್ತದೆ. ಹಳೆಯ ಶಾಲೆಯು ಕೆಟ್ಟದ್ದು ನೆನಪಿನಿಂದಲ್ಲ, ಅರ್ಥವಿಲ್ಲದ್ದರಿಂದ. ಇಂದು ನಮ್ಮ ಮನೆಗಳಲ್ಲಿ ನಡೆದಿರುವದೇನೆಂದರೆ, ಹಳೆಯದರ ಗುಣವನ್ನು ಬಿಟ್ಟು ದೋಷವನ್ನು ಉಳಿಸಿಕೊಂಡಿದ್ದೇವೆ. ಹುಡುಗಿಯು ಯಾರಿಗೂ ಪಾಠವನ್ನು ಒಪ್ಪಿಸುವದಿಲ್ಲ, ಯಾರಿಗೂ ಕಲಿಸುವದಿಲ್ಲ. ಅಚ್ಚಾದ ಗೈಡಿನ ಉತ್ತರಗಳ ಮೇಲೆ ಕಣ್ಣಾಡಿಸುತ್ತಾಳೆ, ಇಲ್ಲವೆ ಮೊಬೈಲಿನಲ್ಲಿ ಪಾಠದ ವಿಡಿಯೋವನ್ನು ಎರಡು ಸಾರೆ ನೋಡುತ್ತಾಳೆ. ಅರ್ಥವೂ ಇಲ್ಲ, ಒಪ್ಪಿಸುವದೂ ಇಲ್ಲ.

ಅರ್ಥವು ಹುಟ್ಟುವ ಬಗೆ

ಅರ್ಥವು ಹೇಗೆ ಹುಟ್ಟುತ್ತದೆ? ಮಗುವಿಗೆ ಮೊದಲೇ ತಿಳಿದ ಸಂಗತಿಗೆ ಹೊಸದನ್ನು ಗಂಟು ಹಾಕಿದಾಗ ಹುಟ್ಟುತ್ತದೆ. ಒಂದು ಭೂಗೋಲದ ಪಾಠವನ್ನು ನೋಡುವಾ. ಪಶ್ಚಿಮ ಘಟ್ಟಗಳು ಮಳೆಯ ಗಾಳಿಯನ್ನು ತಡೆಯುವದರಿಂದ ಘಟ್ಟದ ಪೂರ್ವಕ್ಕೆ ಮಳೆಯು ಕಡಿಮೆ ಎಂಬ ವಾಕ್ಯವನ್ನು ಎಂಟನೆಯ ವರ್ಗದ ಹುಡುಗಿಯು ಐದು ನಿಮಿಷಗಳಲ್ಲಿ ಬಾಯಿಪಾಠ ಮಾಡಬಹುದು. ಇದರ ಬದಲಾಗಿ ಉಪಾಧ್ಯಾಯಿನಿಯು, "ಅಳ್ನಾವರದಲ್ಲಿ ರೇಲ್ವೆ ಗಾಡಿಯನ್ನು ಹತ್ತಿ ಧಾರವಾಡ, ಹುಬ್ಬಳ್ಳಿಗಳ ಮೇಲಿಂದ ಅಣ್ಣಿಗೇರಿಗೆ ಹೋದರೆ ಕಿಟಕಿಯಲ್ಲಿ ಏನೇನು ಕಾಣುವದು?" ಎಂದು ಕೇಳಲಿ. ಮೊದಲು ಅಡವಿ, ಬತ್ತದ ಗದ್ದೆ, ಕೆಂಪು ಮಸಾರಿ ನೆಲ. ಹುಬ್ಬಳ್ಳಿಯನ್ನು ದಾಟಿದ ಮೇಲೆ ಗಿಡಮರಗಳು ವಿರಳವಾಗಿ, ಕಣ್ಣು ಹರಿಯುವವರೆಗೆ ಎರೆಯ ಹೊಲ, ಹತ್ತಿ, ಜೋಳ, ಕಡಲೆ. ಅಜ್ಜಿಯ ಊರು ಕಲಘಟಗಿಯ ಕಡೆಗಿದ್ದವಳು ಒಂದು ಮಾತು ಹೇಳುವಳು. ನವಲಗುಂದದ ಕಡೆಗಿದ್ದವಳು ಮತ್ತೊಂದು ಹೇಳುವಳು. ಆಮೇಲೆ, "ಒಂದೇ ಜಿಲ್ಲೆಯಲ್ಲಿ ಇಷ್ಟು ಭೇದವೇಕೆ?" ಎಂದು ಕೇಳಿ, ಹುಡುಗಿಯರು ತಮ್ಮ ತಮ್ಮ ಊಹೆಗಳನ್ನು ಹೇಳಿದ ತರುವಾಯ ಘಟ್ಟದ ಮಾತನ್ನೂ ಗಾಳಿಯ ಮಾತನ್ನೂ ತೆಗೆಯಲಿ. ಈಗ ಅದೇ ವಾಕ್ಯವು ಪ್ರಶ್ನೆಗೆ ಬಂದ ಉತ್ತರವಾಗಿ ಅವರಿಗೆ ಕಾಣುವದು. ಆಮೇಲೆ ಅದನ್ನು ಬಾಯಿಪಾಠ ಮಾಡಿದರೆ ಗಿಳಿಪಾಠವಾಗುವದಿಲ್ಲ.

ಇನ್ನೊಂದು ಉದಾಹರಣೆ. ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ ಎಂದು ಕೇಳಿದರೆ ಅನೇಕ ಮಕ್ಕಳು ನಾಲ್ಕರಲ್ಲಿ ಒಂದೇ ದೊಡ್ಡದೆನ್ನುತ್ತಾರೆ. ಇದು ದಡ್ಡತನವಲ್ಲ, ಮೂರಕ್ಕಿಂತ ನಾಲ್ಕು ದೊಡ್ಡದೆಂಬ ನಿಜವಾದ ತಿಳಿವಳಿಕೆಯನ್ನು ಸಲ್ಲದ ಸ್ಥಳದಲ್ಲಿ ಉಪಯೋಗಿಸಿದ್ದು. "ತಪ್ಪು" ಎಂದು ಗೆರೆ ಹೊಡೆದು ಮುಂದೆ ಹೋದರೆ ಆ ಭ್ರಮೆಯು ಒಳಗೇ ಉಳಿಯುವದು. "ಒಂದು ಜೋಳದ ರೊಟ್ಟಿಯನ್ನು ಮೂವರು ಹಂಚಿಕೊಂಡರೆ ನಿನಗೆ ಹೆಚ್ಚು ಬರುವದೋ, ನಾಲ್ವರು ಹಂಚಿಕೊಂಡರೋ?" ಎಂದು ಕೇಳಿದರೆ ಮಗುವು ತಾನೇ ನಕ್ಕು ತಿದ್ದಿಕೊಳ್ಳುವದು. ತಪ್ಪು ಉತ್ತರವು ಮಗುವಿನ ಮನಸ್ಸನ್ನು ಕಾಣುವ ಕಿಟಕಿ. ಬೆತ್ತವನ್ನೋ ಬೈಗಳನ್ನೋ ತೋರಿಸಿದರೆ ಆ ಕಿಟಕಿಯು ಮುಚ್ಚಿಹೋಗುವದು. ಹುಡುಗಿಯು ತಿಳಿಯದಿದ್ದರೂ ತಿಳಿಯಿತೆಂದು ತಲೆಯಾಡಿಸುವದನ್ನು ಕಲಿಯುವಳು.

ಹಳೆಯ ಗುಣಗಳನ್ನು ಹೊಸ ಅರ್ಥದೊಡನೆ ಕೂಡಿಸಿದ ಪ್ರಯೋಗವೊಂದು ನಮ್ಮ ರಾಜ್ಯದಲ್ಲಿಯೇ ನಡೆದಿರುತ್ತದೆ. ಅದು 'ನಲಿ-ಕಲಿ' ಎಂಬದು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳ ಶಿಕ್ಷಕರು, ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ಇದನ್ನು ಆರಂಭಿಸಿದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದೊಂದು ಮೆಟ್ಟಿಲಿಗೂ ಚಿತ್ರದ ಕಾರ್ಡುಗಳನ್ನು ಮಾಡಿ, ಮಗುವು ತನ್ನ ವೇಗದಿಂದ ಏಣಿಯನ್ನು ಏರುವಂತೆ ಏರ್ಪಡಿಸಿದರು. ಜ್ವರ ಬಂದು ಎಂಟು ದಿನ ತಪ್ಪಿದ ಮಗುವು ತಿರುಗಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮಕ್ಕಳು ಗುಂಪುಗಳಾಗಿ ಕುಳಿತಿರುತ್ತಾರೆ: ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಒಂದಕ್ಕೆ ಅಲ್ಪ ಸಹಾಯ, ಒಂದಕ್ಕೆ ಜೊತೆಯ ಮಕ್ಕಳ ಸಹಾಯ, ಕಡೆಯ ಗುಂಪು ತಾನೇ ಕಲಿಯುವದು. ೨೦೦೯-೧೦ರಿಂದ ಇದನ್ನು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಪ್ರಾಥಮಿಕ ಶಾಲೆಗಳ ಕೆಳಗಿನ ವರ್ಗಗಳಿಗೆ ವಿಸ್ತರಿಸಿದರು. ಬಲ್ಲವನು ಇನ್ನೊಬ್ಬನಿಗೆ ಕಲಿಸುವದು, ಯೋಗ್ಯತೆಗೆ ತಕ್ಕ ಗುಂಪುಗಳನ್ನು ಮಾಡುವದು, ಕೈಯಿಂದ ಮಾಡಿ ಕಲಿಯುವದು, ಇವೆಲ್ಲ ೧೮೨೩ರ ಬಳ್ಳಾರಿಯಲ್ಲಿಯೂ ಇದ್ದವಲ್ಲವೆ? ಹೊಸದಾಗಿ ಕೂಡಿದ್ದು ಅರ್ಥ, ನಲಿವು, ಮತ್ತು ಸಾಲುಸಾಲಾಗಿ ಕುಳಿತ ಹುಡುಗಿಯರು. ಆದರೆ ಯಾವ ಪದ್ಧತಿಯೂ ತಾನಾಗಿಯೇ ಕೆಲಸ ಮಾಡುವದಿಲ್ಲ. ಮಗುವಿಗೆ ನಿಜವಾಗಿ ತಿಳಿಯಿತೋ ಇಲ್ಲವೋ ಎಂದು ಶಿಕ್ಷಕರು ವಿಚಾರಿಸದೆ ಕಾರ್ಡಿನಿಂದ ಕಾರ್ಡಿಗೆ ಕಳಿಸುತ್ತ ಹೋದರೆ ಅದೂ ಒಂದು ಬಗೆಯ ಗಿಳಿಪಾಠವೇ ಆಗುವದು.

ಹೊಸದೆಂದ ಮಾತ್ರಕ್ಕೆ ಎಲ್ಲವನ್ನೂ ನಂಬಲೂ ಬಾರದು. ಕೆಲವು ಮಕ್ಕಳು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ ಕಲಿಯುವವರು, ಅವರವರ ಜಾತಿಗೆ ತಕ್ಕಂತೆ ಕಲಿಸಬೇಕು ಎಂಬ ಮಾತು ಈಗ ಬಹಳ ಹಬ್ಬಿರುತ್ತದೆ. ೨೦೦೮ರಲ್ಲಿ ಅಮೇರಿಕೆಯ ನಾಲ್ವರು ಮನಶ್ಶಾಸ್ತ್ರಜ್ಞರು ಇದರ ಪ್ರಮಾಣಗಳನ್ನೆಲ್ಲ ಕೂಡಿಸಿ ನೋಡಿ, ಈ ವಾದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿದರು. ನಕಾಶೆಯನ್ನು ಎಲ್ಲರೂ ಕಣ್ಣಿನಿಂದಲೇ ನೋಡಬೇಕು. ಪದ್ಯದ ಲಯವನ್ನು ಎಲ್ಲರೂ ಕಿವಿಯಿಂದಲೇ ಕೇಳಬೇಕು. ವಿಷಯಕ್ಕೆ ತಕ್ಕ ದಾರಿಯನ್ನು ಹಿಡಿಯುವದೇ ಯೋಗ್ಯವಾದದ್ದು.

ಮನೆಯಲ್ಲಿ ಮಾಡತಕ್ಕದ್ದು

ಇಷ್ಟನ್ನು ವಿಚಾರಿಸಿದ ಮೇಲೆ, ತಾಯಿತಂದೆಗಳಿಗೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಕೆಲವು ಸೂಚನೆಗಳನ್ನು ಮಾಡುವೆವು. ಇವುಗಳಿಗೆ ದುಡ್ಡು ಬೇಕಿಲ್ಲ. ದೊಡ್ಡ ಓದೂ ಬೇಕಿಲ್ಲ.

೧. ಮಗಳು ಎಷ್ಟು ತಾಸು ಕುಳಿತಳೆಂದು ಲೆಕ್ಕ ಹಿಡಿಯಬೇಡಿರಿ. ದಿನಕ್ಕೊಂದು ಸಾರೆ ಪುಸ್ತಕವನ್ನು ಮುಚ್ಚಿಸಿ, "ಇಂದು ಓದಿದ್ದನ್ನು ನಿನ್ನ ಮಾತಿನಲ್ಲಿ ಹೇಳವ್ವಾ" ಎಂದು ಕೇಳಿರಿ. ಹೇಳಲಾರದೆ ತಡವರಿಸಿದರೆ ಬೈಯದೆ, ಪುಸ್ತಕವನ್ನು ತೆರೆದು ಆ ಭಾಗವನ್ನು ಮಾತ್ರ ನೋಡಿ, ತಿರುಗಿ ಮುಚ್ಚಿ ಹೇಳಲಿ. ಆ ತಡವರಿಸುವ ಶ್ರಮದಲ್ಲಿಯೇ ಪಾಠವು ಬೇರು ಬಿಡುತ್ತದೆ.

೨. ಸೋಮವಾರ ಓದಿದ್ದನ್ನು ಬುಧವಾರ ಒಂದು ಸಾರೆ, ಮುಂದಿನ ವಾರ ಒಂದು ಸಾರೆ, ತಿಂಗಳ ಕೊನೆಗೆ ಒಂದು ಸಾರೆ ಕೇಳಿರಿ. ಪರೀಕ್ಷೆಯ ಹಿಂದಿನ ರಾತ್ರಿಯ ಹತ್ತು ತಾಸುಗಳಿಗಿಂತ ಈ ಹತ್ತು ಹತ್ತು ನಿಮಿಷಗಳು ಹೆಚ್ಚು ಬೆಲೆಯುಳ್ಳವು.

೩. ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಲಿ. ತಮ್ಮನಿಗೆ ಲೆಕ್ಕವನ್ನು ಹೇಳಿಕೊಡಲಿ. ಅಜ್ಜಿಗೆ ರಕ್ತವು ದೇಹದಲ್ಲಿ ಸುತ್ತುವ ಬಗೆಯನ್ನು ತಿಳಿಸಲಿ. ಅಜ್ಜಿಯು "ಯಾಕ? ಹೆಂಗ?" ಎಂದು ಕೇಳುವ ಒಂದೊಂದು ಪ್ರಶ್ನೆಯೂ ಮೊಮ್ಮಗಳಿಗೆ ಒಂದೊಂದು ಪರೀಕ್ಷೆಯಾಗುವದು. ತಾವು ಓದಿದವರಲ್ಲವೆಂದು ಹಿಂಜರಿಯುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಗಳಿಗೆ ಕಲಿಸುವ ವಿದ್ಯೆಯು ನಿಮ್ಮಲ್ಲಿ ಇರದಿದ್ದರೂ ಚಿಂತೆಯಿಲ್ಲ. ಕೇಳುವ ಕಿವಿಯಿದ್ದರೆ ಸಾಕು.

೪. ತಪ್ಪು ಉತ್ತರ ಬಂದಾಗ, "ಇದು ನಿನಗೆ ಹೇಗೆ ಬಂತು?" ಎಂದು ಕೇಳಿರಿ. ಅಂಕಗಳನ್ನು ನೋಡುವ ಮೊದಲು ಉತ್ತರಪತ್ರಿಕೆಯನ್ನು ನೋಡಿರಿ. ಅಂಕವು ಎಷ್ಟು ತಪ್ಪಿತೆಂದು ಹೇಳುವದು. ಯಾಕೆ ತಪ್ಪಿತೆಂದು ಹೇಳುವದಿಲ್ಲ.

೫. ನಿದ್ರೆಯನ್ನು ಕಸಿದುಕೊಳ್ಳಬೇಡಿರಿ. ಹಗಲು ಕಲಿತದ್ದನ್ನು ಮನಸ್ಸು ನಿದ್ರೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆಂಬದು ಈಗ ಸಿದ್ಧವಾಗಿರುತ್ತದೆ.

ಕಡೆಯ ಈ ಸೂಚನೆಯು ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚು ವಿಚಾರಕ್ಕೆ ತಕ್ಕದ್ದಾಗಿರುತ್ತದೆ. ಅನೇಕ ಮನೆಗಳಲ್ಲಿ ಸಾಯಂಕಾಲ ಅಣ್ಣನು ಪುಸ್ತಕವನ್ನು ಹಿಡಿದಾಗ ತಂಗಿಯು ನೀರು ತುಂಬುವಳು, ಮುಸುರೆ ತಿಕ್ಕುವಳು, ರೊಟ್ಟಿಗೆ ಹಿಟ್ಟು ನಾದುವಳು. ಎಲ್ಲರೂ ಮಲಗಿದ ಮೇಲೆ ಅವಳ ಅಭ್ಯಾಸಕ್ಕೆ ಆರಂಭ. ಹೀಗೆ ಉಳಿದ ಹೊತ್ತಿನಲ್ಲಿ ಅವಸರದಿಂದ ಓದುವವಳಿಗೆ ಅರ್ಥವನ್ನು ಹುಡುಕಲು ಬಿಡುವೆಲ್ಲಿ? ಅವಳು ಗೈಡಿನ ಉತ್ತರವನ್ನು ಉರು ಹೊಡೆಯುವದು ಅವಳ ತಪ್ಪಲ್ಲ, ಮನೆಯ ಏರ್ಪಾಡಿನ ತಪ್ಪು. ಮನೆಗೆಲಸವು ಹೀನವೆಂದು ನಾವು ಹೇಳುವದಿಲ್ಲ. ಅದನ್ನು ಅಣ್ಣನೂ ತಂಗಿಯೂ ಸಮನಾಗಿ ಹಂಚಿಕೊಳ್ಳಲಿ ಎಂದಷ್ಟೇ ನಮ್ಮ ಬಿನ್ನಹ. ಅತ್ಯಂತ ಹೊಸದಾದ ಶಿಕ್ಷಣಪದ್ಧತಿಯೂ ಈ ಒಂದು ತಾಸಿನ ಬಿಡುವನ್ನು ಹುಡುಗಿಗೆ ದೊರಕಿಸಿಕೊಡಲಾರದು. ಅದನ್ನು ಕೊಡತಕ್ಕವರು ತಾಯಿತಂದೆಗಳೇ.

೧೮೨೩ರ ಆ ೬೦ ಹುಡುಗಿಯರ ಹೆಸರುಗಳು ನಮಗೆ ಉಳಿದಿಲ್ಲ. ಅವರು ಮರಳಿನ ಮೇಲೆ ಬರೆದದ್ದು ಅಳಿಸಿಹೋಯಿತು. ಅವರು ಒಪ್ಪಿಸಿದ ಪದ್ಯಗಳ ಅರ್ಥವನ್ನು ಅವರಿಗೆ ಯಾರೂ ಹೇಳಿದಂತೆ ತೋರುವದಿಲ್ಲ. ಇಂದು ನಮ್ಮ ಹುಡುಗಿಯರು ಶಾಲೆಗೆ ಬಂದಿದ್ದಾರೆ. ಒಂದು ಕೊರತೆಯು ಬಹುಮಟ್ಟಿಗೆ ತುಂಬಿತು. ಅವರು ಕಲಿತದ್ದು ಪರೀಕ್ಷೆಯ ಮರುದಿನ ಮರಳಿನ ಅಕ್ಷರದಂತೆ ಅಳಿಸಿಹೋಗದೆ, ಜೀವಮಾನವೆಲ್ಲ ಅವರ ಸ್ವಂತ ಸೊತ್ತಾಗಿ ಉಳಿಯುವಂತೆ ಮಾಡುವದು ಇನ್ನೊಂದು ಕೊರತೆಯ ಪೂರಣ. ಇದಕ್ಕೆ ಅರ್ಥವೂ ಬೇಕು, ನೆನಪೂ ಬೇಕು. ಅರ್ಥವನ್ನು ಶಾಲೆಯು ಕೊಡಲಿ. ಒಪ್ಪಿಸಿಕೊಳ್ಳುವ ಕೆಲಸವನ್ನು ಮನೆಯು ಮಾಡಲಿ. ಮಗಳು ಪುಸ್ತಕವನ್ನು ಮುಚ್ಚಿ ತನ್ನ ಮಾತಿನಲ್ಲಿ ಎಷ್ಟು ಹೇಳಬಲ್ಲಳೋ ಅಷ್ಟೇ ಅವಳು ಕಲಿತದ್ದೆಂದು ತಿಳಿದು, ಇಂದಿನ ಸಾಯಂಕಾಲವೇ ಅವಳ ಬಳಿಯಲ್ಲಿ ಹತ್ತು ನಿಮಿಷ ಕುಳಿತು ಕೇಳಬೇಕೆಂದು ನಮ್ಮ ವಾಚಕರಲ್ಲಿ ವಿನಂತಿಸಿಕೊಳ್ಳುತ್ತೇವೆ.